ಕೋವಿ ಇರುವ ಮನೆಗಳಿಗೊಂದು ಬಹಿರಂಗ ಪತ್ರ

ಕೊಡಗಿನ ಕೋವಿದಾರರಿಗೆ, ರಾಜ್ಯದ ಶೂಟಿಂಗ್ ಆಸಕ್ತರಿಗೆ, ಅವರ ಮನೆಗಳಲ್ಲಿ ಇನ್ನು ಮೇಲೆ ಕೋವಿ ಹಿಡಿಯಲಿರುವ ಕಿರಿಯರಿಗೆ,

ಭಾರತದಲ್ಲಿ ಕೋವಿ ಇಟ್ಟುಕೊಳ್ಳಬೇಕಾದರೆ ಪರವಾನಗಿ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಹೇಳುವುದು ಇದನ್ನೇ. ಸಾರ್ವಜನಿಕ ಹಿತದೃಷ್ಟಿಯಿಂದ ಕೆಲವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಅದೇ ಕಾಯ್ದೆಯ 41ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೊಡವರು ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರು ಈ ವಿನಾಯಿತಿಯ ವ್ಯಾಪ್ತಿಗೆ ಬರುತ್ತಾರೆ. ಇದರ ಬೇರು ಇರುವುದು 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಲ್ಲಿ. ಸ್ವಾತಂತ್ರ್ಯದ ನಂತರವೂ ಮುಂದುವರಿದುಕೊಂಡು ಬಂದ ಈ ವಿನಾಯಿತಿಯನ್ನು 2019ರ ಅಧಿಸೂಚನೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ವಿನಾಯಿತಿಗೂ ಮಿತಿಯುಂಟು. ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಪ್ರಯಾಣ ಮಾಡುವಾಗ ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನಯನಳಿಗೆಯ ಕೋವಿ ಮತ್ತು ಅದರ 500 ತೋಟಾಗಳಿಗಿಂತ ಹೆಚ್ಚು ಇರಕೂಡದು. ಆದರೆ ಈ ಪತ್ರದ ವಿಷಯ ಕಾಗದಪತ್ರಗಳಾಚೆಯದು. ಪರವಾನಗಿ ಕೇಳಿ ಬರುವವರು ಶಸ್ತ್ರ ಸುರಕ್ಷತೆಯ ತರಬೇತಿ ಪಡೆದ ಪ್ರಮಾಣಪತ್ರ ತರಬೇಕೆಂದು 2016ರ ಶಸ್ತ್ರಾಸ್ತ್ರ ನಿಯಮಾವಳಿ ಹೇಳುತ್ತದೆ. ವಿನಾಯಿತಿ ಇರುವ ಮನೆಗೆ ಆ ಬಾಗಿಲು ದಾಟುವ ಪ್ರಸಂಗವೇ ಬರುವುದಿಲ್ಲ. ಹಾಗಾಗಿ ಆ ತರಬೇತಿಯ ಹೊಣೆ ಪೂರ್ತಿಯಾಗಿ ಮನೆಯ ಹಿರಿಯರ ಮೇಲೆ ಬೀಳುತ್ತದೆ. ಕೋವಿಯ ಗೌರವ ಉಳಿಯುವುದೂ ಅಳಿಯುವುದೂ ಆ ಹೊಣೆಯನ್ನು ಅವರು ಹೇಗೆ ನಿಭಾಯಿಸುತ್ತಾರೆ ಎಂಬುದರ ಮೇಲೆ.

ಸಂಪ್ರದಾಯ ಈ ಹೊಣೆಯನ್ನು ಮೊದಲೇ ಗುರುತಿಸಿದೆ. ಗದ್ದೆ ಕೆಲಸದ ತಿಂಗಳುಗಳಲ್ಲಿ ಆಯುಧಗಳು ಮನೆತನದ ಮೂಲಮನೆಯಾದ ಐನ್‌ಮನೆಯ ಪೂಜಾಕೋಣೆಯಾದ ಕನ್ನಿಕೋಂಬರೆ ಸೇರುತ್ತಿದ್ದವು; ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ಬಂದಾಗಲೇ ಅವು ಹೊರಗೆ ಬರುತ್ತಿದ್ದವು. ಅಂದು ಕೋವಿಯನ್ನು ತೊಳೆದು ಒರೆಸಿ, ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ, ಪೂಜೆ ಮಾಡಿ, ಮನೆಯ ಹಿರಿಯ ಅದನ್ನು ಕಿರಿಯನ ಕೈಗೆ ಕೊಡುತ್ತಾನೆ. ಕೋವಿಗೊಂದು ಜಾಗ, ಅದನ್ನು ಹೊರತೆಗೆಯಲೊಂದು ಕಾಲ, ಕೈಗೆ ಕೊಡಲೊಬ್ಬ ಹಿರಿಯ: ಈ ಮೂರೂ ಆಚರಣೆಯ ಒಳಗೇ ಇವೆ. ಪೂಜೆಯನ್ನು ಉಳಿಸಿಕೊಂಡು ಈ ಶಿಸ್ತನ್ನು ಬಿಟ್ಟ ಮನೆ ಹಬ್ಬದ ಅರ್ಧವನ್ನಷ್ಟೇ ಆಚರಿಸಿದಂತೆ.

ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿರುವ ಕೋವಿಗಳು ಮುಖ್ಯವಾಗಿ ಮೂರು ಬಗೆ. ಬಾಯಿಯ ಕಡೆಯಿಂದ ಮದ್ದು ಚರೆ ತುಂಬಿ ಹೊಡೆಯುವ ಕೇಪಿನ ಕೋವಿ ಹಳೆಯದು. ಹಿಂಬದಿಯಲ್ಲಿ ತೋಟಾ ಹಾಕುವ ಒಂಟಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿ ಎರಡನೆಯದು. ಇವುಗಳಲ್ಲಿ ಹೆಚ್ಚಿನವು 12 ಬೋರಿನವು. ನಳಿಗೆಯ ಒಳಗೆ ತಿರುಚು ಗೀರುಗಳಿರುವ ರೈಫಲ್ ಮೂರನೆಯದು. ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯ .315 ರೈಫಲ್ ಮತ್ತು .22 ರೈಫಲ್‌ಗಳು ಈ ಗುಂಪಿನಲ್ಲಿ ಪರಿಚಿತ. ಮೂರರ ಸ್ವಭಾವವೂ ಬೇರೆ, ಅಪಾಯವೂ ಬೇರೆ. ನಾಲ್ಕು ನಿಯಮಗಳು ಮಾತ್ರ ಮೂರಕ್ಕೂ ಸಮಾನ.

ಅಮೆರಿಕದ ತರಬೇತುದಾರ ಜೆಫ್ ಕೂಪರ್ ಇವುಗಳನ್ನು ಒಂದೆಡೆ ಕಟ್ಟಿಕೊಟ್ಟರು. ಇಂದು ಪ್ರಪಂಚದ ಹೆಚ್ಚಿನ ಶೂಟಿಂಗ್ ಶಾಲೆಗಳಲ್ಲಿ ಮೊದಲ ಪಾಠ ಇದೇ. ಪ್ರತಿ ಕೋವಿಯನ್ನೂ ತುಂಬಿದ ಕೋವಿಯೆಂದೇ ಎಣಿಸಬೇಕು. ಹೊಡೆಯಲು ಮನಸ್ಸಿಲ್ಲದ ಯಾವುದರ ಕಡೆಗೂ ನಳಿಗೆ ತಿರುಗಕೂಡದು. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್ ಮೇಲೆ ಹೋಗಕೂಡದು. ಗುರಿ ಏನು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗಿ ಗೊತ್ತಿರಬೇಕು. ಈ ನಾಲ್ಕರಲ್ಲಿ ಒಂದನ್ನು ಮರೆತರೂ ಉಳಿದ ಮೂರು ಜೀವ ಉಳಿಸಬಲ್ಲವು. ನಳಿಗೆ ಮಣ್ಣಿನ ಕಡೆಗಿದ್ದರೆ ಕೈತಪ್ಪಿ ಹಾರಿದ ಈಡು ಮಣ್ಣಿಗೇ ಹೋಗುತ್ತದೆ. ಕೋವಿಯಿಂದ ಸಾವು ಸಂಭವಿಸಬೇಕಾದರೆ ಸಾಮಾನ್ಯವಾಗಿ ಎರಡು ನಿಯಮಗಳಾದರೂ ಒಟ್ಟಿಗೆ ಮುರಿದಿರಬೇಕು.

ಕೋವಿ ಖಾಲಿಯಿದೆಯೇ ಎಂದು ನೋಡುವ ಕ್ರಮ ಬಗೆಯಿಂದ ಬಗೆಗೆ ಬದಲಾಗುತ್ತದೆ. ತೋಟಾ ಕೋವಿಯನ್ನು ಬಾಗಿಸಿ ಎರಡೂ ನಳಿಗೆಗಳ ಆಚೆಯ ಬೆಳಕು ಕಣ್ಣಿಗೆ ಕಾಣಬೇಕು. ಬೋಲ್ಟ್ ರೈಫಲ್‌ನಲ್ಲಿ ಮೊದಲು ಮ್ಯಾಗಜೀನ್ ಖಾಲಿ ಮಾಡಿ, ಆಮೇಲೆ ಬೋಲ್ಟ್ ಎಳೆದು, ಒಳಗೆ ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಬೇಕು. ಅನುಕ್ರಮ ತಿರುವುಮುರುವಾದರೆ ಬೋಲ್ಟ್ ಮುಚ್ಚುವಾಗ ಇನ್ನೊಂದು ಗುಂಡು ಒಳಗೆ ಸೇರಿಬಿಡುತ್ತದೆ. ಕೇಪಿನ ಕೋವಿಯಲ್ಲಿ ಕೇಪು ಇಲ್ಲ ಎಂದಮಾತ್ರಕ್ಕೆ ಒಳಗೆ ಈಡು ಇಲ್ಲವೆಂದಲ್ಲ. ಗಜದ ಕೋಲನ್ನು ನಳಿಗೆಯ ತಳದವರೆಗೆ ಇಳಿಸಿ, ಬಾಯಿಯ ಮಟ್ಟದಲ್ಲಿ ಹೆಬ್ಬೆರಳಿಟ್ಟು ಹೊರತೆಗೆದು, ಹೊರಗಿನಿಂದ ನಳಿಗೆಗೆ ಹಿಡಿದು ಅಳೆಯಬೇಕು. ಕೋಲಿನ ತುದಿ ತಳದವರೆಗೆ ಮುಟ್ಟದೆ ಒಂದೆರಡು ಅಂಗುಲ ಮೇಲೆಯೇ ನಿಂತರೆ ಒಳಗೆ ಈಡು ಕೂತಿದೆ ಎಂದರ್ಥ.

ಸೇಫ್ಟಿ ಹಾಕಿದೆ ಎಂಬ ಧೈರ್ಯವೂ ಪೂರ್ಣವಲ್ಲ. ಹಳೆಯ ಜೋಡಿ ನಳಿಗೆಯ ಕೋವಿಗಳ ಪೈಕಿ ಹೆಚ್ಚಿನವುಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ; ಒಳಗಿನ ಸುತ್ತಿಗೆ ಸ್ಪ್ರಿಂಗಿನ ಬಿಗಿತದಲ್ಲೇ ಇರುತ್ತದೆ. ಕೋವಿ ಬಿದ್ದು ಸವೆದ ಕೊಂಡಿ ಜಾರಿದರೆ ಟ್ರಿಗರ್ ಮುಟ್ಟದೆಯೂ ಈಡು ಹಾರಬಹುದು. ಹೊರಗೆ ಕುದುರೆ (ಸುತ್ತಿಗೆ) ಕಾಣುವ ತೀರ ಹಳೆಯ ಕೋವಿಗಳಲ್ಲಿ ಕುದುರೆ ಪಿನ್ನಿನ ಮೇಲೇ ಒರಗಿರುವ ವಿನ್ಯಾಸವೂ ಇದೆ. ಅಂಥದ್ದರ ಮೇಲೆ ಬಿದ್ದ ಒಂದು ಪೆಟ್ಟು ಸಾಕು. ಬೇಲಿ ದಾಟುವ ಮೊದಲು, ಜೀಪು ಹತ್ತುವ ಮೊದಲು, ಏಣಿ ಏರುವ ಮೊದಲು, ಮನೆಯ ಮೆಟ್ಟಿಲು ತುಳಿಯುವ ಮೊದಲು ತೋಟಾ ಹೊರತೆಗೆಯುವುದು ಈ ಕಾರಣಕ್ಕೆ. ಟ್ರಿಗರ್ ಎಳೆದೂ ಈಡು ಹಾರದಿದ್ದರೆ ನಳಿಗೆಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪವಾದರೂ ಇಲ್ಲದಿಲ್ಲ.

ತೋಟಾದ ವಿಷಯದಲ್ಲಿ ಕಣ್ಣಳತೆ ನಡೆಯುವುದಿಲ್ಲ. 12 ಬೋರ್ ಎಂದರೆ ಒಂದು ಪೌಂಡು ಸೀಸದಲ್ಲಿ ಸಮನಾದ 12 ಗುಂಡು ಮಾಡಿದಾಗ ಒಂದೊಂದರ ವ್ಯಾಸ, ಅಂದರೆ ಸುಮಾರು 18.5 ಮಿ.ಮೀ. 20 ಬೋರಿನದು ಸುಮಾರು 15.6 ಮಿ.ಮೀ. ಈ ಮೂರು ಮಿಲಿಮೀಟರಿನ ವ್ಯತ್ಯಾಸ ಕೋವಿಯನ್ನು ಸೀಳಬಲ್ಲದು. ಎರಡೂ ಬಗೆಯ ತೋಟಾ ಒಂದೇ ಜೇಬಿನಲ್ಲಿದ್ದು, ಅವಸರದಲ್ಲಿ 20 ಬೋರಿನ ತೋಟಾ 12 ಬೋರಿನ ನಳಿಗೆಗೆ ಬಿದ್ದರೆ ಅದು ಹಿಂದೆ ನಿಲ್ಲದೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಿಂಬದಿಯಿಂದ ನೋಡಿದವನಿಗೆ ನಳಿಗೆಯ ಕೋಣೆ ಖಾಲಿಯಂತೆ ಕಾಣುತ್ತದೆ. ತೋಟಾ ಹಾಕಲು ಮರೆತೆನೆಂದುಕೊಂಡು ಆತ 12 ಬೋರಿನದನ್ನು ಹಿಂದೆ ತುಂಬಿ ಹೊಡೆದರೆ ನಳಿಗೆ ಒಡೆಯುವುದು ಮುಂದಿನ ಕೈ ಇರುವ ಜಾಗದಲ್ಲೇ. ಅನೇಕ ತಯಾರಕರು 20 ಬೋರಿನ ತೋಟಾಕ್ಕೆ ಹಳದಿ ಬಣ್ಣ ಕೊಡುವುದು ಈ ಅಪಾಯಕ್ಕಾಗಿ. ಬಣ್ಣವನ್ನು ನಂಬುವುದಕ್ಕಿಂತ ಒಂದು ಸಲಕ್ಕೆ ಒಂದೇ ಬಗೆಯ ತೋಟಾ ಹೊರತೆಗೆಯುವುದು ಭದ್ರವಾದ ರೂಢಿ.

ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಿಗೆ ಇನ್ನೂ ಎರಡು ಎಚ್ಚರಿಕೆ ಬೇಕು. ಅವುಗಳಲ್ಲಿ ಹಲವು 65 ಮಿ.ಮೀ. ತೋಟಾಕ್ಕೆಂದು ಕೊರೆದವು. 70 ಮಿ.ಮೀ. ತೋಟಾದ ಬಾಯಿ ಮಡಚಿರುವುದರಿಂದ ಅದು ಒಳಗೆ ಸಲೀಸಾಗಿ ಕೂರುತ್ತದೆ. ಹೊಡೆದಾಗ ಮಡಿಕೆ ಬಿಚ್ಚಿಕೊಂಡು ಮುಂದಿನ ಕಿರಿದಾದ ಭಾಗಕ್ಕೆ ಚಾಚಿ ಒತ್ತಡವನ್ನು ಏರಿಸುತ್ತದೆ. ಎರಡನೆಯದು, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಗಳು. ಅವುಗಳ ಮೇಲಿನ ಸುಳಿ ಚಿತ್ತಾರ ನೋಡಲು ಚೆಂದ. ಕರಿಮದ್ದಿನ ಕಾಲದಲ್ಲಿ ಹುಟ್ಟಿದ ಅವು ಇಂದಿನ ಹೊಗೆರಹಿತ ಮದ್ದಿನ ತೋಟಾಕ್ಕೆ ತಕ್ಕವಲ್ಲ. ನಳಿಗೆಯ ಅಡಿಯಲ್ಲಿ ಒತ್ತಿರುವ ಪರೀಕ್ಷಾ ಮುದ್ರೆಗಳನ್ನು ಓದಬಲ್ಲ ನುರಿತ ಕೋವಿ ರಿಪೇರಿಯವರಿಗೆ ಒಮ್ಮೆ ತೋರಿಸಿ, ಹೊಡೆಯಬಹುದಾದದ್ದು ಯಾವುದು, ಗೋಡೆಯ ಮೇಲೆ ಮಾತ್ರ ಇರಬೇಕಾದದ್ದು ಯಾವುದು ಎಂದು ತಿಳಿದುಕೊಳ್ಳಬೇಕು. ಕೇಪಿನ ಕೋವಿಗೆ ಹೊಗೆರಹಿತ ಮದ್ದನ್ನು ಯಾವ ಪ್ರಮಾಣದಲ್ಲೂ ಹಾಕಕೂಡದು.

ಈಡು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಹೆಚ್ಚಿನವರು ಕಡಿಮೆ ಅಂದಾಜು ಮಾಡುತ್ತಾರೆ. ಹಕ್ಕಿ ಹೊಡೆಯುವ ಸಣ್ಣ ಚರೆ ಸುಮಾರು 200 ಮೀಟರ್ ಹಾರುತ್ತದೆ. ಎಸ್‌ಜಿ, ಎಲ್‌ಜಿಯಂಥ ದಪ್ಪ ಚರೆ 600 ಮೀಟರ್ ದಾಟುತ್ತದೆ. 12 ಬೋರಿನ ಒಂಟಿ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಆಟಿಕೆಯಂತೆ ಕಾಣುವ .22 ಗುಂಡಿನ ಕೆಲವು ಡಬ್ಬಿಗಳ ಮೇಲೆ ಒಂದೂವರೆ ಮೈಲಿ ದೂರದವರೆಗೆ ಅಪಾಯ ಎಂದು ಅಚ್ಚಾಗಿರುತ್ತದೆ. ದೊಡ್ಡ ರೈಫಲ್ ಗುಂಡು ಮೂರು ಕಿಲೋಮೀಟರ್ ಮೀರುತ್ತದೆ. ಕಾಫಿ ತೋಟದಲ್ಲಿ ಕಣ್ಣಿಗೆ ಕಾಣುವುದು ಮೂವತ್ತು ನಲವತ್ತು ಮೀಟರ್ ಮಾತ್ರ. ಗಿಡಗಳ ಆಚೆ ಕಾರ್ಮಿಕರ ಲೈನ್‌ಮನೆ ಇರಬಹುದು, ಕಾಳುಮೆಣಸು ಕೊಯ್ಯುವವರು ಇರಬಹುದು, ದಾರಿ ಇರಬಹುದು. ಸೊಪ್ಪಿನ ಅಲುಗಾಟಕ್ಕೆ, ಸದ್ದಿಗೆ, ಕತ್ತಲಲ್ಲಿ ಹೊಳೆದ ಕಣ್ಣಿಗೆ ಗುಂಡು ಹಾರಿಸುವುದು ಯಾವ ಕೌಶಲದ ಲೆಕ್ಕಕ್ಕೂ ಬರುವುದಿಲ್ಲ.

ಹಬ್ಬದ ದಿನ ಮಂದ್ ಎಂಬ ಊರ ಬಯಲಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕಾಯಿಯನ್ನು ಎತ್ತರದ ಮರದಲ್ಲಿ ಕಟ್ಟಿದರೆ ಗುರಿ ತಪ್ಪಿದ ಪ್ರತಿ ಗುಂಡೂ ಆಕಾಶಕ್ಕೆ ಹೋಗಿ, ಎಲ್ಲೋ ಒಂದು ಕಡೆ ಬಿದ್ದೇ ಬೀಳುತ್ತದೆ. ಆದ್ದರಿಂದ ಕಾಯಿಯ ಹಿಂದೆ ಕಾಯಿಗಿಂತ ಎಷ್ಟೋ ಎತ್ತರದ ಮಣ್ಣಿನ ಬರೆ ಇರಬೇಕು. ಬರೆಯಲ್ಲಿ ಕಲ್ಲು ಇರಕೂಡದು, ಕಲ್ಲಿಗೆ ತಾಗಿದ ಗುಂಡು ಯಾವ ದಿಕ್ಕಿಗೂ ಚಿಮ್ಮುತ್ತದೆ. ನೋಡುವವರೆಲ್ಲ ಹೊಡೆಯುವವರ ಸಾಲಿನ ಹಿಂದೆ ನಿಲ್ಲಬೇಕು. ಸರದಿ ಬಂದವರಿಗೆ ಮಾತ್ರ ತೋಟಾ ಕೊಡಬೇಕು, ಉಳಿದ ಕೋವಿಗಳೆಲ್ಲ ಬಾಗಿಸಿ ತೆರೆದಿರಬೇಕು. ಕಾಯಿ ಬದಲಿಸಲು ಯಾರಾದರೂ ಮುಂದೆ ಹೋಗುವಾಗ ಒಬ್ಬರೂ ಕೋವಿ ಮುಟ್ಟಕೂಡದು. ಇಡೀ ಸಾಲಿಗೆ ಒಬ್ಬರೇ ಯಜಮಾನರಿರಬೇಕು. ಅವರು ನಿಲ್ಲಿಸಿ ಎಂದರೆ ವಯಸ್ಸು ಸ್ಥಾನ ನೋಡದೆ ಎಲ್ಲರೂ ನಿಲ್ಲಿಸಬೇಕು. ಕುಡಿದವರಿಗೆ ಆ ಸಾಲಿನಲ್ಲಿ ಜಾಗವಿಲ್ಲ.

ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು, ಪುತ್ತರಿ ಸುಗ್ಗಿ ಹಬ್ಬದಲ್ಲಿ ಕದಿರು ತೆಗೆಯುವಾಗ ಈಡು: ಇವು ಕೊಡವರ ಬದುಕಿನ ಜೊತೆ ಬೆಳೆದು ಬಂದ ಆಚರಣೆಗಳು. ಇವನ್ನು ಮದುವೆ ಮೆರವಣಿಗೆಯ ಮೋಜಿನ ಗುಂಡಿನೊಂದಿಗೆ ಬೆರೆಸಬಾರದು. ಜನರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ 2019ರ ತಿದ್ದುಪಡಿ ವಿಧಿಸುತ್ತದೆ. ಆಚರಣೆಯ ಈಡೂ ಸಣ್ಣ ಚರೆಯ ತೋಟಾದಿಂದ, ಮಣ್ಣಿನ ದಿಬ್ಬದ ಕಡೆಗೆ, ಒಬ್ಬ ಅನುಭವಿಯ ಕೈಯಿಂದ ಹಾರಬೇಕು. ಬೇಟೆಯ ಮಾತೂ ಅಷ್ಟೇ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೋವಿ ಮನೆಯಲ್ಲಿದೆ ಎಂಬುದು ಕಾಡುಪ್ರಾಣಿ ಹೊಡೆಯಲು ಅನುಮತಿಯಾಗುವುದಿಲ್ಲ.

ಮಡಿಕೇರಿ, ಭಾಗಮಂಡಲದ ಕಡೆಯ ಮಳೆಗಾಲ ಕೋವಿಯ ದೊಡ್ಡ ಶತ್ರು. ಚರ್ಮದ ಅಥವಾ ಕ್ಯಾನ್ವಾಸ್ ಚೀಲ ಸಾಗಿಸಲು ಮಾತ್ರ. ತಿಂಗಳುಗಟ್ಟಲೆ ಅದರೊಳಗೆ ಇಟ್ಟರೆ ಅದು ತೇವ ಹೀರಿಕೊಂಡು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹೊಡೆದ ದಿನವೇ ನಳಿಗೆಗೆ ಸಾಲ್ವೆಂಟ್ ಹಾಕಿ, ಸಾಧ್ಯವಾದಲ್ಲಿ ಹಿಂಬದಿಯಿಂದ ಬಾಯಿಯ ಕಡೆಗೆ ಬ್ರಷ್ ಓಡಿಸಿ, ಬಟ್ಟೆ ತುಂಡು ಬಿಳಿಯಾಗಿ ಹೊರಬರುವವರೆಗೆ ಒರೆಸಿ, ಕೊನೆಗೆ ತೆಳ್ಳಗೆ ಎಣ್ಣೆ ಸವರಬೇಕು. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಎಳೆಯುವ ಲವಣ. ಅದಕ್ಕೆ ಎಣ್ಣೆ ಸಾಲದು, ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಬಹಳ ಕಾಲ ಇಟ್ಟ ಕೋವಿಯನ್ನು ಹೊಡೆಯುವ ಮೊದಲು ನಳಿಗೆಯ ಒಳಗೆ ನೋಡಲೇಬೇಕು. ಕಣಜ ಕಟ್ಟಿದ ಮಣ್ಣಿನ ಗೂಡು, ಉಳಿದ ಬಟ್ಟೆಯ ತುಂಡು, ಹೆಚ್ಚಾದ ಎಣ್ಣೆ ಯಾವುದಿದ್ದರೂ ನಳಿಗೆ ಉಬ್ಬಬಹುದು ಅಥವಾ ಸೀಳಬಹುದು.

ಇಡುವ ಜಾಗ ಬೀಗವಿರುವ ಉಕ್ಕಿನ ಕಪಾಟು. ತೋಟಾಗಳಿಗೆ ಬೇರೆ ಬೀಗ, ಬೇರೆ ಜಾಗ. ಆನೆ ಹಂದಿ ಬಂದಾವೆಂದು ತುಂಬಿದ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸುವ ರೂಢಿ ನಿಲ್ಲಬೇಕು. ಅದು ಮೊದಲು ಸಿಗುವುದು ಮನೆಯ ಮಕ್ಕಳ ಕೈಗೆ. ಮನೆಯಲ್ಲಿ ಯಾರಾದರೂ ಖಿನ್ನತೆಯಲ್ಲಿದ್ದಾಗ, ಕುಡಿತ ಮಿತಿಮೀರಿದಾಗ, ಜಗಳ ಬಿಗಿಯಾದಾಗ ಕೋವಿಯನ್ನು ಪೊಲೀಸ್ ಠಾಣೆ ಅಥವಾ ಪರವಾನಗಿ ಪಡೆದ ಅಂಗಡಿಯಲ್ಲಿ ಠೇವಣಿ ಇಡಬೇಕು. ಅದರಲ್ಲಿ ಅವಮಾನವೇನೂ ಇಲ್ಲ. ಆ ಒಂದು ನಿರ್ಧಾರದಿಂದ ಒಂದು ಜೀವ ಉಳಿಯಬಹುದು.

ಪರಿಕರಗಳಲ್ಲಿ ಮೊದಲು ಕೊಳ್ಳಬೇಕಾದವು ಅಗ್ಗದವು. ಕೋವಿಯ ಸದ್ದು 140 ಡೆಸಿಬಲ್ ಮೀರುತ್ತದೆ. ಒಂದೇ ಈಡು ಕಿವಿಯ ಒಳಗಿನ ಕೋಶಗಳನ್ನು ಶಾಶ್ವತವಾಗಿ ಕೊಲ್ಲಬಲ್ಲದು. ಹಾಗಾಗಿ ಕಿವಿಗೆ ಮಫ್, ಕಣ್ಣಿಗೆ ಪಾಲಿಕಾರ್ಬೊನೇಟ್ ಕನ್ನಡಕ. ಆಮೇಲೆ ಟ್ರಿಗರ್ ಲಾಕ್, ಗುಂಡಿಲ್ಲದ ಒಣ ಅಭ್ಯಾಸಕ್ಕೆ ಸ್ನ್ಯಾಪ್ ಕ್ಯಾಪ್ ಎಂಬ ನಕಲಿ ತೋಟಾ, ಖಾಲಿ ಕೋವಿಯನ್ನು ದೂರದಿಂದಲೇ ಗುರುತಿಸಲು ನೆರವಾಗುವ ಬಣ್ಣದ ಸೇಫ್ಟಿ ಫ್ಲ್ಯಾಗ್. ದುಬಾರಿ ಸ್ಕೋಪು ಕೊನೆಗೆ. ಸ್ಕೋಪು ಗುರಿಯನ್ನು ದೊಡ್ಡದು ಮಾಡಿ ತೋರಿಸುತ್ತದೆ. ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡಿ ತೋರಿಸುತ್ತದೆ. ಹೊಡೆದ ಮೇಲೆ ಸೀಸದ ಪುಡಿ ಹೊಟ್ಟೆ ಸೇರದಂತೆ ಕೈ ತೊಳೆದೇ ಊಟಕ್ಕೆ ಕೂರಬೇಕು.

ಕೌಶಲದ ಬುಡ ಸೈಟ್ ಮತ್ತು ಟ್ರಿಗರ್. ಹಿಂದಿನ ಸೈಟ್, ಮುಂದಿನ ಸೈಟ್, ಗುರಿ ಮೂರನ್ನೂ ಕಣ್ಣು ಏಕಕಾಲಕ್ಕೆ ಸ್ಪಷ್ಟವಾಗಿ ನೋಡಲಾರದು. ತೆರೆದ ಸೈಟಿನ ರೈಫಲ್, ಪಿಸ್ತೂಲ್‌ಗಳಲ್ಲಿ ದೃಷ್ಟಿ ಮುಂದಿನ ಸೈಟಿನ ಮೇಲಿರಬೇಕು. ಗುರಿ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ. ಏರ್ ಪಿಸ್ತೂಲಿನ ಎರಡು ಸೈಟ್‌ಗಳ ನಡುವೆ ಸುಮಾರು 30 ಸೆಂ.ಮೀ. ಅಂತರವಿದೆ ಎಂದಿಟ್ಟುಕೊಂಡರೆ, ಅವುಗಳ ಹೊಂದಿಕೆಯಲ್ಲಿ 1 ಮಿ.ಮೀ. ತಪ್ಪಿದಾಗ 10 ಮೀಟರ್ ದೂರದ ಗುರಿಯಲ್ಲಿ ಗುಂಡು ಸುಮಾರು 33 ಮಿ.ಮೀ. ಸರಿಯುತ್ತದೆ. ಆ ಗುರಿಯ ಉಂಗುರಗಳ ನಡುವಿನ ಅಂತರ 8 ಮಿ.ಮೀ. ಒಂದು ಮಿಲಿಮೀಟರಿಗೆ ನಾಲ್ಕು ಅಂಕ ಹೋಯಿತು. ಟ್ರಿಗರನ್ನು ಕಿತ್ತಂತೆ ಎಳೆದಾಗ ಆಗುವುದು ಇದೇ. ಉಸಿರನ್ನು ಅರ್ಧ ಬಿಟ್ಟು, ಬೆರಳಿನ ತುದಿಯ ಮೆತ್ತನೆಯ ಭಾಗದಿಂದ ಒತ್ತಡವನ್ನು ಸಮನಾಗಿ ಏರಿಸುತ್ತ ಹೋಗಬೇಕು. ಈಡು ಹಾರಿದ ಮೇಲೂ ಒಂದು ಕ್ಷಣ ಹಾಗೇ ನಿಲ್ಲಬೇಕು. ಹಾರುವ ಗುರಿಗೆ ಹೊಡೆಯುವ ಚರೆ ಕೋವಿಯಲ್ಲಿ ಮಾತ್ರ ಕ್ರಮ ಬೇರೆ: ಕಣ್ಣು ಗುರಿಯ ಮೇಲಿರಬೇಕು, ನಳಿಗೆ ಅದನ್ನು ಹಿಂಬಾಲಿಸಿ ದಾಟಬೇಕು, ಈಡು ಹಾರಿದ ಮೇಲೂ ಓಟ ನಿಲ್ಲಬಾರದು.

ಚರೆ ಕೋವಿಯ ಗುಣ ತಿಳಿಯಲು ಸುಲಭದ ಪರೀಕ್ಷೆಯಿದೆ. ದೊಡ್ಡ ಹಾಳೆಗೆ 40 ಗಜ ದೂರದಿಂದ ಹೊಡೆದು, ಹೆಚ್ಚು ತೂತು ಬಿದ್ದ ಕಡೆ 30 ಅಂಗುಲದ ವೃತ್ತ ಬರೆದು ಎಣಿಸಬೇಕು. ಬಾಯಿ ಹೆಚ್ಚು ಬಿಗಿದ ಫುಲ್ ಚೋಕ್ ನಳಿಗೆಯಲ್ಲಿ ನೂರಕ್ಕೆ ಸುಮಾರು 70 ಚರೆ, ಚೋಕ್ ಇಲ್ಲದ ನಳಿಗೆಯಲ್ಲಿ ಸುಮಾರು 40 ಚರೆ ವೃತ್ತದೊಳಗೆ ಬೀಳಬೇಕು. ಜೋಡಿ ನಳಿಗೆಯಲ್ಲಿ ಸಾಮಾನ್ಯವಾಗಿ ಎರಡರ ಚೋಕ್ ಬೇರೆಬೇರೆ ಇರುವುದರಿಂದ ಒಂದೊಂದಕ್ಕೂ ಪ್ರತ್ಯೇಕ ಹಾಳೆ ಬೇಕು.

ಕಿರಿಯರ ಆಸಕ್ತಿಗೆ ಇಂದು ಒಳ್ಳೆಯ ದಾರಿ 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲ್. 4.5 ಮಿ.ಮೀ. ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ 2016ರ ನಿಯಮಾವಳಿಯಂತೆ ಪರವಾನಗಿ ಬೇಡ; ಸುರಕ್ಷತೆಯ ನಿಯಮ ಮಾತ್ರ ಅದಕ್ಕೂ ಬೇಕು. ಏರ್ ರೈಫಲ್ ಗುರಿಯ ನಡುವಿನ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಇದೇ ಸ್ಪರ್ಧೆಯ ಫೈನಲ್‌ನ ಕೊನೆಯ ಗುಂಡಿಗೆ 10.8 ಗಳಿಸಿ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಮನು ಭಾಕರ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದರು. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ ಇಳಿದಿದ್ದರು. ಕರ್ನಾಟಕದ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಬೆಳ್ಳಿ ಗೆದ್ದರು. ಕೋವಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈ ದಾರಿ ತೆರೆದಿದೆ.

ಕೊಡಗಿನ ಪ್ರತಿ ಒಕ್ಕವೂ (ಮನೆತನವೂ) ಮುಂದಿನ ಕೈಲ್‌ಪೊಳ್ದ್ ಬರುವ ಮೊದಲು ನಾಲ್ಕು ಕೆಲಸ ಮುಗಿಸಲಿ: ಮನೆಯ ಪ್ರತಿ ಕೋವಿಯ ತಪಾಸಣೆ, ಕೋವಿಗೂ ತೋಟಾಕ್ಕೂ ಪ್ರತ್ಯೇಕ ಬೀಗ, ಕಿರಿಯರಿಗೆ ನಾಲ್ಕು ನಿಯಮಗಳ ಪಾಠ, ತೆಂಗಿನಕಾಯಿ ಸ್ಪರ್ಧೆಗೆ ಸರಿಯಾದ ಬರೆ ಮತ್ತು ಒಬ್ಬ ಯಜಮಾನರು. 2029ರಲ್ಲಿ ವಿನಾಯಿತಿಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಅಂದು ನ್ಯಾಯಾಲಯದ ತೀರ್ಪಿನಷ್ಟೇ ತೂಕದ ಉತ್ತರವೆಂದರೆ ಅವಘಡವಿಲ್ಲದೆ ಕಳೆದ ವರ್ಷಗಳು. ಆ ಉತ್ತರವನ್ನು ಸಿದ್ಧಪಡಿಸುವ ಕೆಲಸ ಇಂದೇ ಶುರುವಾಗಲಿ.